ಬ್ಲೂ ಸ್ಟ್ರಾಗ್ಲರ್ ನಕ್ಷತ್ರದ ಬಗೆ ಯುವಿಯಲ್ಲಿ (ಅತಿನೇರಳೆ ಬೆಳಕಿನಲ್ಲಿ) ಹೇಗೆ ಗೊತ್ತಾಗುತ್ತದೆ?

ಇರುಳುನೋಟ:
ಒಂದು ತಾರಾಗುಚ್ಛದ ನಕ್ಷತ್ರಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಹುಟ್ಟಿದವು, ಅಲ್ವಾ? ಹಾಗಿದ್ದ ಮೇಲೆ ಬಿಸಿಯಾದ, ಭಾರವಾದವು ಎಂದೋ ಮುಗಿದಿರಬೇಕು. ಆದರೂ ಎನ್‌ಜಿಸಿ 188ರಂಥ ಮುದಿ ಗುಚ್ಛದಲ್ಲಿ ಕೆಲವು ಇನ್ನೂ ನೀಲಿಯಾಗಿಯೇ ಇವೆ, ಇವನ್ನೇ ಬ್ಲೂ ಸ್ಟ್ರಾಗ್ಲರ್ ಅನ್ನುವುದು. ಪಕ್ಕದ ನಕ್ಷತ್ರದಿಂದ ಅನಿಲ ಎಳೆದುಕೊಂಡವು ಅಂತಾರೆ, ಎರಡು ಸೇರಿ ಒಂದಾದವು ಅಂತಲೂ ಹೇಳುತ್ತಾರೆ. ಯಾವುದು ಯಾವ ಬಗೆ ಅಂತ ಇಸ್ರೋದ ಬಾಹ್ಯಾಕಾಶ ವೀಕ್ಷಣಾಲಯ ಆಸ್ಟ್ರೋಸ್ಯಾಟ್‌ನ ಯುವಿ ಚಿತ್ರ ನೋಡಿ ಹೇಗೆ ಹೇಳುತ್ತಾರೆ? ನನಗೆ ಕಾಣುವುದು ಬರೀ ಚುಕ್ಕಿ.

ಬಿಳಿಕುಬ್ಜ:
ಚುಕ್ಕಿ ಒಂದೇ, ಬೆಳಕು ಇಬ್ಬರದ್ದಿರಬಹುದು. ಅನಿಲ ಕೊಟ್ಟ ನಕ್ಷತ್ರದ ಬಿಸಿ ತಿರುಳು ಅಲ್ಲೇ ಸುತ್ತುತ್ತಿರುತ್ತದೆ. ಚಿಕ್ಕದಾದ್ದರಿಂದ ಮಾಮೂಲಿ ಬೆಳಕಿನಲ್ಲಿ ಅದು ಲೆಕ್ಕಕ್ಕೇ ಇಲ್ಲ, ಆದರೆ 130–180 ನ್ಯಾನೋಮೀಟರ್ ಕಡೆ ಹೋದರೆ ತಣ್ಣಗಿನ ಜೊತೆಗಾರ ಮಂಕಾಗಿ ಇದೇ ಎದ್ದು ಕಾಣುತ್ತದೆ.

ನೀವು ಹೇಳಿದ ಗುಚ್ಛದಲ್ಲೇ ಡಬ್ಲ್ಯುಒಸಿಎಸ್-5885 ಅಂತ ಒಂದಿದೆ. 2016ರಲ್ಲಿ ಬೆಂಗಳೂರಿನ ಐಐಎಯವರು (ಭಾರತೀಯ ಖಭೌತ ಸಂಸ್ಥೆ) ಆಸ್ಟ್ರೋಸ್ಯಾಟ್‌ನ ಯುವಿ ದೂರದರ್ಶಕವಾದ ಯುವಿಐಟಿಯ ಅಳತೆಗಳನ್ನು ಬೇರೆ ದೂರದರ್ಶಕಗಳ ಅಳತೆಗಳ ಜೊತೆ, ಯುವಿಯಿಂದ ಇನ್‌ಫ್ರಾರೆಡ್‌ವರೆಗೆ, ಒಂದೇ ಗ್ರಾಫಿನಲ್ಲಿಟ್ಟು ನೋಡಿದರು. ಒಂದೇ ತಾಪಮಾನದ ಗೆರೆ ಕೂರಲೇ ಇಲ್ಲ. 6,000 ಕೆಲ್ವಿನ್ ಸುಮಾರಿನದೊಂದು, 17,000 ಸುಮಾರಿನದೊಂದು ಸೇರಿಸಿದಾಗ ಹೊಂದಿತು. ಆ ಬಿಸಿಯದು ಇನ್ನೂ ಬಿಳಿ ಕುಬ್ಜವೂ (ಉರಿದು ಮುಗಿದ ನಕ್ಷತ್ರದ ಕುಗ್ಗಿದ ತಿರುಳು) ಆಗಿಲ್ಲ, ಅಗಲ ಸೂರ್ಯನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇದೆ. ಅಂದರೆ ಅನಿಲದ ಕೊಡುಕೊಳ್ಳುವಿಕೆ ತೀರಾ ಹಳೆಯದಲ್ಲ. ಇದು ಮೊದಲನೇ ಬಗೆ, ಅನಿಲ ಎಳೆದುಕೊಂಡದ್ದು.

ಗ್ರಾಫ್‌ಗುರು:
ಸರಿ, ಆದರೆ ಯುವಿ ಜಾಸ್ತಿ ಇದೆ ಅಂತ ಸುಮ್ನೆ ತೀರ್ಪು ಕೊಡಬೇಡಿ. ಜೋರಾಗಿ ತಿರುಗುವ, ಕಾಂತೀಯ ಗಲಾಟೆ ಇರುವ ನಕ್ಷತ್ರವೂ ಯುವಿ ಉಗುಳುತ್ತದೆ. ಎಕ್ಸ್-ರೇಯಲ್ಲೂ ಕಾಣುತ್ತಿದೆಯಾ ನೋಡಿ, ಕಂಡರೆ ಅನುಮಾನ ಇಟ್ಟುಕೊಳ್ಳಿ. ಪಕ್ಕದ ನಕ್ಷತ್ರದ ಬೆಳಕು ಬೆರೆತಿರಲೂಬಹುದು. ನಾಸಾದ ಹಿಂದಿನ ಯುವಿ ದೂರದರ್ಶಕ ಗ್ಯಾಲೆಕ್ಸ್‌ನ ಚಿತ್ರಗಳಲ್ಲಿ ಒಂದು ಚುಕ್ಕಿ ಸುಮಾರು 5 ಆರ್ಕ್‌ಸೆಕೆಂಡ್ ಅಗಲ ಹರಡುತ್ತಿತ್ತು, ಯುವಿಐಟಿಯಲ್ಲಿ ಸುಮಾರು 1.5, ಹಾಗಾಗಿ ಕಿಕ್ಕಿರಿದ ಕಡೆ ಅದನ್ನೇ ನಂಬುವುದು ವಾಸಿ. ನಡುವಿನ ಧೂಳು ಯುವಿಯನ್ನೇ ಜಾಸ್ತಿ ನುಂಗುತ್ತದೆ, ಆ ತಿದ್ದುಪಡಿ ಮೊದಲು ಮಾಡಿಕೊಳ್ಳಿ.

ಇರುಳುನೋಟ:
ಹಾಗಾದರೆ ಯುವಿ ಜಾಸ್ತಿ ಇಲ್ಲ ಅಂದರೆ ಎರಡು ಸೇರಿ ಒಂದಾದದ್ದೇ ಅಂತಲಾ?

ಬಿಳಿಕುಬ್ಜ:
ಇಲ್ಲ. ಬಿಳಿ ಕುಬ್ಜ ತಣ್ಣಗಾಗುತ್ತಾ ಹೋಗುತ್ತದೆ, ಕೊಡುಕೊಳ್ಳುವಿಕೆ ಹಳೆಯದಾದರೆ ಯುವಿಯಲ್ಲೂ ಸಿಗುವುದಿಲ್ಲ. ಆಗ ಬೇರೆ ಬೇರೆ ದಿನಗಳ ಸ್ಪೆಕ್ಟ್ರಮ್ ಹಿಡಿದು, ವೇಗ ಏರಿಳಿಯುತ್ತಿದೆಯಾ ಅಂತ ನೋಡಬೇಕು, ಏರಿಳಿದರೆ ಕಾಣದ ಜೊತೆಗಾರನೊಬ್ಬ ಸುತ್ತುತ್ತಾ ಎಳೆಯುತ್ತಿದ್ದಾನೆ ಅಂತ. ನಿಮಗೇ ಕೈಯಾಡಿಸುವ ಆಸೆಯಿದ್ದರೆ ಇಸ್ರೋದ ಐಎಸ್‌ಎಸ್‌ಡಿಸಿ ಜಾಲತಾಣದಲ್ಲಿ ಆಸ್ಟ್ರೋಸ್ಯಾಟ್ ಡೇಟಾ ಸಿಗುತ್ತದೆ.