ಸಂಬಳ 19,000, ಕೆಲಸ ಹೂಡಿಯಲ್ಲಿ, ಮನೆ ಬಂಗಾರಪೇಟೆಯಲ್ಲಿ: ರೈಲೋ, ಬೈಕೋ, ಪಿಜಿಯೋ?

ಕೇಳಿದವರು: ಬಂಗಾರಪೇಟೆಯ ಯುವಕ

ಬೆಂಗಳೂರಿನ ಹೂಡಿಯ ಹತ್ತಿರದ ಗೋದಾಮೊಂದರಲ್ಲಿ ಬಿಲ್ಲಿಂಗ್ ಕೆಲಸ ಸಿಕ್ಕಿದೆ. ಸಂಬಳ 19,000, ಪಿಎಫ್, ಇಎಸ್‌ಐ (ಕಾರ್ಮಿಕರ ವಿಮೆ) ಕಳೆದರೆ ಕೈಗೆ 17,000 ಚಿಲ್ಲರೆ. ಒಂದು ವಾರ ಬೆಳಗಿನ ಪಾಳಿ, ಮರುವಾರ ಮಧ್ಯಾಹ್ನದಿಂದ ರಾತ್ರಿ ಹತ್ತರವರೆಗೆ. ಸಾಲ ಮಾಡಿಯಾದರೂ ಬೈಕ್ ತೆಗೆದುಕೋ ಎಂದು ಸ್ನೇಹಿತರು ಹೇಳುತ್ತಾರೆ. ರೈಲಿನಲ್ಲಿ ಹೋಗಿ ಬಾ ಎನ್ನುವುದು ಅಮ್ಮನ ಮಾತು. ಪಿಜಿಯಲ್ಲಿ ಮೂವರ ಕೋಣೆಗೆ ಊಟ ಸೇರಿ 7,500 ಕೇಳುತ್ತಿದ್ದಾರೆ. ಮನೆಗೆ ತಿಂಗಳಿಗೆ 8,000 ಕೊಡಲೇಬೇಕು. ಇಷ್ಟೇ ಸಂಬಳದಲ್ಲಿ ಓಡಾಡುತ್ತಿರುವ ಅಣ್ಣಂದಿರು, ಅಕ್ಕಂದಿರು ಹೇಗೆ ನಿಭಾಯಿಸುತ್ತಿದ್ದೀರಿ, ದಯವಿಟ್ಟು ಹೇಳಿ.

ಕೆಜಿಎಫ್‌ನಿಂದ ಓಡಾಡುವ ಎಲೆಕ್ಟ್ರಿಷಿಯನ್

ತಮ್ಮಾ, ನಾನು ಮಾರಿಕುಪ್ಪಂ ರೈಲಿನವನು. ಅಪ್ಪ ಚಿನ್ನದ ಗಣಿಯಲ್ಲಿದ್ದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಮೇಲೆ ನಮ್ಮ ಸಾಲಿನ ಒಂದೊಂದು ಮನೆಯಿಂದಲೂ ಯಾರಾದರೊಬ್ಬರು ಬೆಂಗಳೂರಿನ ರೈಲು ಹತ್ತಿದರು. ದುಡಿಮೆ ಬೆಂಗಳೂರಿನದು, ಮನೆ ಖರ್ಚು ಕೆಜಿಎಫ್‌ನದು. ಈ ಎರಡರ ನಡುವೆ ಉಳಿದ ಹಣದಲ್ಲಿ ನಮ್ಮ ಸಂಸಾರಗಳು ನಡೆದವು. ಅದು ಸಾಧ್ಯವಾದದ್ದು ಸೀಸನ್ ಪಾಸ್ ಇದ್ದುದರಿಂದ. ದಿನಾ ಟಿಕೆಟ್ ಕೊಳ್ಳಬೇಕಾಗಿದ್ದರೆ ಅರ್ಧಕ್ಕರ್ಧ ಜನ ಈ ಕೆಲಸಕ್ಕೆ ಹೋಗುತ್ತಲೇ ಇರಲಿಲ್ಲ.

ಆದರೆ ರೈಲು ಅಗ್ಗ ಎಂದು ಸುಮ್ಮನೆ ಹೊರಡಬೇಡ. ಮೊದಲು ಕೇಳಬೇಕಾದದ್ದು ಗೋದಾಮಿನವರನ್ನು: ತಡವಾಗಿ ಬಂದರೆ ಎಷ್ಟು ಕಡಿತ ಮಾಡುತ್ತೀರಿ ಎಂದು. ಅನೇಕ ಕಡೆ ಕಾಲು ಗಂಟೆ ತಡವಾದರೂ ಅರ್ಧ ದಿನದ ಸಂಬಳ ಹೋಗುತ್ತದೆ. 19,000ವನ್ನು 26 ದಿನಕ್ಕೆ ಹಂಚಿದರೆ ದಿನಕ್ಕೆ 730. ಅರ್ಧ ದಿನಕ್ಕೆ 365. ತಿಂಗಳಲ್ಲಿ ಎರಡು ಬಾರಿ ಬೇರೆ ರೈಲನ್ನು ಮುಂದೆ ಬಿಡಲೆಂದು ನಿನ್ನ ರೈಲನ್ನು ನಿಲ್ಲಿಸಿದರೆ ಪಾಸಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಹಣ ಹೋಯಿತು. ತಿಂಗಳ ಸಂಬಳದ ಸಾಹೇಬರು ಅರ್ಧ ಗಂಟೆ ತಡವಾಗಿ ಬಂದರೆ ಯಾರೂ ಕೇಳುವುದಿಲ್ಲ. ನಮ್ಮಂಥವರಿಗೆ ರೈಲು ತಡವಾದರೆ ಕೂಲಿ ಕಡಿಮೆಯಾಗುತ್ತದೆ. ಹೀಗಾಗಿ ಪಾಳಿಗೆ ಸರಿಯಾಗಿ ಮುಟ್ಟಿಸುವ ರೈಲನ್ನು ಬಿಟ್ಟು ಅದಕ್ಕಿಂತ ಒಂದು ರೈಲು ಮುಂಚೆ ಹತ್ತುವುದನ್ನು ರೂಢಿ ಮಾಡಿಕೋ.

ಹೂಡಿಯಲ್ಲೇ ಹಾಲ್ಟ್ ಇದೆ, ಆದರೆ ಎಲ್ಲ ರೈಲೂ ನಿಲ್ಲುವುದಿಲ್ಲ. ನಿಲ್ಲದಿದ್ದರೆ ವೈಟ್‌ಫೀಲ್ಡ್‌ನಲ್ಲಿ ಇಳಿದು ಕಾಡುಗೋಡಿಯಿಂದ ಬಸ್ ಅಥವಾ ಮೆಟ್ರೋ. ಸೀಸನ್ ಪಾಸಿನಲ್ಲಿ ಸೂಪರ್‌ಫಾಸ್ಟ್ ಹತ್ತಲು ಹೆಚ್ಚುವರಿ ಶುಲ್ಕ ಕಟ್ಟಿರಬೇಕು, ರಿಸರ್ವೇಶನ್ ಬೋಗಿಗೆ ಹತ್ತುವಂತಿಲ್ಲ. ಮೊದಲು ಒಂದು ತಿಂಗಳಿನ ಪಾಸ್ ತೆಗೆದುಕೋ. ಕೆಲಸ ಒಗ್ಗಿದರೆ ಮೂರು ತಿಂಗಳದ್ದು. ಮೂರು ತಿಂಗಳ ಪಾಸಿಗೆ ಒಂದು ತಿಂಗಳಿನದರ 2.7 ಪಟ್ಟು ದರ.

ಇನ್ನೊಂದು ಮಾತು. 2009ರಲ್ಲಿ ರೈಲ್ವೆಯವರು ‘ಇಜ್ಜತ್’ ಪಾಸ್ ತಂದರು. ತಿಂಗಳ ಆದಾಯ 1,500 ರೂಪಾಯಿಯ ಒಳಗಿರುವ ಅಸಂಘಟಿತ ಕಾರ್ಮಿಕರಿಗೆ 25 ರೂಪಾಯಿಗೆ 100 ಕಿಲೋಮೀಟರ್‌ವರೆಗೆ ಓಡಾಟ. ಒಳ್ಳೆಯ ಯೋಜನೆಯೇ. ಆದರೆ ನಮ್ಮ ಬೋಗಿಯ ಗಾರೆ ಕೆಲಸದವರು ಒಂದೆರಡು ವಾರದ ಕೂಲಿಯಲ್ಲೇ ಆ ಮಿತಿ ದಾಟುತ್ತಿದ್ದರು, ಹಾಗೆ ದಾಟಿದರೂ ಬಡವರಾಗಿಯೇ ಇದ್ದರು. ಅಗ್ಗದ ಪಾಸು ಯಾರಿಗೆ ಬೇಕಿತ್ತೋ ಅವರ ಕೈಗೆ ಸಿಗದೆ ಹೋದದ್ದು ನನಗೆ ಇಂದಿಗೂ ನೋವು ಕೊಡುತ್ತದೆ.

ಮಹದೇವಪುರದ ಪ್ಲಂಬರ್

ನನ್ನ ಹತ್ತಿರ ಬೈಕ್ ಇದೆ, ಅದನ್ನು ಬಿಟ್ಟು ನಾನು ಬದುಕಲಾರೆ. ದಿನಕ್ಕೆ ನಾಲ್ಕಾರು ಮನೆ ಸುತ್ತುತ್ತೇನೆ, ಒಂದು ಮನೆ ಹೆಚ್ಚಾದರೆ ಪೆಟ್ರೋಲ್ ದುಡ್ಡು ಅಲ್ಲೇ ಬಂತು. ನಿಮ್ಮದು ಹಾಗಲ್ಲ. ಬೆಳಿಗ್ಗೆ ಗೋದಾಮಿನ ಮುಂದೆ ನಿಲ್ಲಿಸಿದರೆ ಅದು ಸಂಜೆಯವರೆಗೆ ನಿಂತೇ ಇರುತ್ತದೆ. ಮಾಲೂರಿನ ಮೇಲೆ ಬಂದರೂ ಹೋಗಿಬರಲು ಸುಮಾರು 100 ಕಿಲೋಮೀಟರ್. ಲೀಟರಿಗೆ 50 ಕೊಡುವ ಗಾಡಿಯಾದರೆ ದಿನಕ್ಕೆ ಎರಡು ಲೀಟರ್. ಲೀಟರಿಗೆ ನೂರೇ ರೂಪಾಯಿ ಹಿಡಿದರೂ 26 ದಿನಕ್ಕೆ 5,200. ಇದಕ್ಕೆ ಸಾಲದ ಕಂತು, ಇನ್ಶೂರೆನ್ಸ್, ಟೈರು, ಆಯಿಲ್ ಸೇರಿಸಿ. ಮನೆಗೆ ಕೊಡುವ 8,000 ಎಲ್ಲಿಂದ ತರುತ್ತೀರಿ? ರಾತ್ರಿ ಹತ್ತರ ಮೇಲೆ ಆ ದಾರಿಯಲ್ಲಿ ಲಾರಿಗಳ ನಡುವೆ ನಿದ್ದೆಗಣ್ಣಿನಲ್ಲಿ ಬರುವುದನ್ನಂತೂ ನಾನು ಒಪ್ಪುವುದಿಲ್ಲ.

ಗಾರ್ಮೆಂಟ್ಸ್‌ನಲ್ಲಿ ಟೈಲರ್, ಬೊಮ್ಮನಹಳ್ಳಿ

ನಿಮ್ಮ ಪ್ರಶ್ನೆಗೆ ನೇರ ಉತ್ತರವಲ್ಲ, ಆದರೂ ಹೇಳುತ್ತೇನೆ. ನಾನು ಎಷ್ಟೋ ವರ್ಷ ಮನೆಗೆ ಹತ್ತಿರದ ಫ್ಯಾಕ್ಟರಿಯಲ್ಲೇ ಇದ್ದೆ. ಎರಡು ಬಸ್ಸಿನ ದೂರದಲ್ಲಿ ಹೆಚ್ಚು ಕೊಡುವ ಫ್ಯಾಕ್ಟರಿ ಇದೆ ಎಂದು ಗೊತ್ತಿತ್ತು. ಬಸ್ಸಿಗೆ ಕೊಟ್ಟರೆ ಆ ಹೆಚ್ಚಿನ ಸಂಬಳ ಕರಗಿಹೋಗುತ್ತದೆ ಎಂದು ಹತ್ತಿರದ ಫ್ಯಾಕ್ಟರಿಗೇ ನಡೆದು ಹೋಗುತ್ತಿದ್ದೆ. ನಮ್ಮ ಸೂಪರ್‌ವೈಸರ್‌ಗೂ ಅದು ತಿಳಿದಿತ್ತು. ನಡೆದು ಬರುವ ಹೆಂಗಸರು ಬಿಟ್ಟು ಹೋಗುವುದಿಲ್ಲ ಎಂಬ ಧೈರ್ಯ ಅವರಿಗೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಶೂನ್ಯ ಟಿಕೆಟ್ ಹಿಡಿದು ಆ ದೂರದ ಫ್ಯಾಕ್ಟರಿಗೆ ಹೋಗಿ ಕೇಳಿದೆ, ಸೇರಿದೆ. ಉಳಿದದ್ದು ಬಸ್ಸಿನ ದುಡ್ಡು ಮಾತ್ರವಲ್ಲ, ಸಂಬಳವೂ ಏರಿತು. ಬಿಟ್ಟಿ ಬಸ್ಸು ಎಂದು ಹಂಗಿಸುವವರು ಈ ಲೆಕ್ಕವನ್ನೂ ಹಾಕಬೇಕು.

ನಿಮ್ಮ ಮನೆಯಲ್ಲಿ ಅಕ್ಕನೋ ತಂಗಿಯೋ ದುಡಿಯಲು ಹೊರಡುವುದಿದ್ದರೆ ಇದನ್ನು ನೆನಪಿಡಿ. ಗೋದಾಮಿನವರು ವ್ಯಾನ್ ಕಳಿಸುತ್ತಾರೆಂದರೆ ಅದರ ದುಡ್ಡನ್ನು ಸಂಬಳದಲ್ಲಿ ಹಿಡಿಯುತ್ತಾರೆಯೇ ಎಂದು ಮೊದಲೇ ಕೇಳಿ, ಬರೆಸಿಕೊಳ್ಳಿ.

ಖಾಸಗಿ ಕಂಪನಿಯಲ್ಲಿ ಸಂಬಳದ ಲೆಕ್ಕ ನೋಡುವವರು

ಎರಡು ವಿಷಯ ಹೇಳಬೇಕಿದೆ. ಇಎಸ್‌ಐ ಕಡಿತವಾಗುತ್ತಿದೆ ಎಂದಿರಿ, ಒಳ್ಳೆಯದಾಯಿತು. 2010ರ ತಿದ್ದುಪಡಿಯ ನಂತರ ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗಿಬರುವ ದಾರಿಯ ಅಪಘಾತವೂ ಕೆಲಸದ ವೇಳೆಯ ಗಾಯವೆಂದೇ ಇಎಸ್‌ಐ ಲೆಕ್ಕಕ್ಕೆ ಬರುತ್ತದೆ. ಹೊರಟ ಸಮಯ, ಹಿಡಿದ ದಾರಿ ಕೆಲಸಕ್ಕೆ ಸಂಬಂಧಿಸಿದ್ದೆಂದು ತೋರಿಸಬೇಕು. ಸೇರಿದ ದಿನವೇ ಇಎಸ್‌ಐ ಸಂಖ್ಯೆ ಕೇಳಿ ಪಡೆಯಿರಿ, ಮನೆಯಲ್ಲಿ ಒಬ್ಬರಿಗೆ ಬರೆದುಕೊಡಿ. ಪಾಸ್, ಟಿಕೆಟ್ ಎಸೆಯಬೇಡಿ.

ಎರಡನೆಯದು ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇರುವುದು. ನಾನು ಹಿಂದೆ ಇದ್ದ ಒಂದು ಕಚೇರಿಯಲ್ಲಿ ಲಕ್ಷದ ಹತ್ತಿರ ಸಂಬಳ ಪಡೆಯುವವರ ಮನೆ ಬಾಗಿಲಿಗೆ ಕ್ಯಾಬ್ ಹೋಗುತ್ತಿತ್ತು, ಅದೂ ಉಚಿತವಾಗಿ. ಅದೇ ಕಚೇರಿಯ ನೆಲ ಒರೆಸುವವರು ಗುತ್ತಿಗೆಯವರೆಂಬ ಕಾರಣಕ್ಕೆ ತಮ್ಮ ಕೈಯಿಂದ ದುಡ್ಡು ಹಾಕಿ ಬರುತ್ತಿದ್ದರು. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90ಕ್ಕೆ ಏರಿದಾಗ ಆ ಗುತ್ತಿಗೆಯವರಲ್ಲಿ ಗಂಡಸರು ಮೆಟ್ರೋ ಬಿಟ್ಟರು. 90ರ ದೂರಕ್ಕೆ ದಿನವೂ ಹೋಗಿಬಂದರೆ 25 ದಿನಕ್ಕೆ 4,500. ಸ್ಮಾರ್ಟ್ ಕಾರ್ಡ್ ರಿಯಾಯಿತಿ ಅಲ್ಪಸ್ವಲ್ಪ. ಆ ವರ್ಷವೇ 1,050ರಿಂದ 1,200ಕ್ಕೆ ಏರಿದ್ದ ಬಿಎಂಟಿಸಿಯ ಸಾಮಾನ್ಯ ತಿಂಗಳ ಪಾಸ್ ಅವರಿಗೆ ಉಳಿದ ದಾರಿ. ಟ್ರಾಫಿಕ್ಕಿನಲ್ಲಿ ಹೆಚ್ಚು ಹೊತ್ತು ನಿಂತು ಬರುವುದಕ್ಕೆ ಅವರು ಒಪ್ಪಿದ್ದು ಹಾಗೆ. ಕಡಿಮೆ ಸಂಬಳದವರು ಸಮಯ ಕೊಟ್ಟು ದುಡ್ಡು ಉಳಿಸುತ್ತಾರೆ, ನಾವೋ ಅವರಿಗೆ ಕೆಲಸದಲ್ಲಿ ಶ್ರದ್ಧೆಯಿಲ್ಲ ಎನ್ನುತ್ತೇವೆ.

ಬಂಗಾರಪೇಟೆಯ ಯುವಕ

ಎಲ್ಲರಿಗೂ ನಮಸ್ಕಾರ. ಬೈಕಿನ ಆಸೆ ಬಿಟ್ಟೆ. ಪಿಜಿಗೆ ಕೊಟ್ಟು ಮನೆಗೂ ಕೊಟ್ಟರೆ ಕೈಯಲ್ಲಿ 1,500 ಚಿಲ್ಲರೆ ಉಳಿಯುತ್ತದೆ, ಅದೂ ಆಗದು. ಬೆಳಗಿನ ಪಾಳಿಗೆ ರೈಲು ಸರಿ. ರಾತ್ರಿ ಹತ್ತಕ್ಕೆ ಬಿಟ್ಟರೆ ಏನು ಮಾಡಲಿ ಅಣ್ಣ?

ಕೆಜಿಎಫ್‌ನ ಎಲೆಕ್ಟ್ರಿಷಿಯನ್

ಅದೇ ಕಷ್ಟದ ವಾರ. ಪಾಳಿ ಬಿಟ್ಟ ಮೇಲೆ ಮನೆಯ ಕಡೆ ಯಾವ ರೈಲಿದೆ, ಅದು ಎಲ್ಲಿ ನಿಲ್ಲುತ್ತದೆ ಎಂದು ಸ್ಟೇಷನ್‌ನಲ್ಲೇ ಕೇಳು, ವೇಳಾಪಟ್ಟಿ ಬದಲಾಗುತ್ತಿರುತ್ತದೆ. ಅದನ್ನೊಂದೇ ನೆಚ್ಚಬೇಡ. ನಮ್ಮ ಹುಡುಗರು ಕೆಲವರು ಸೇರಿ ಕೆ.ಆರ್. ಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಾರೆ. ರಾತ್ರಿ ಪಾಳಿಯ ವಾರದಲ್ಲಿ ಮಲಗುವವರು ಸರದಿಯಲ್ಲಿ ಬರುತ್ತಾರೆ, ಬಾಡಿಗೆ ಹಂಚಿಕೊಳ್ಳುತ್ತಾರೆ. ಪಿಜಿಯ ಕಾಲು ಭಾಗವೂ ಬೀಳುವುದಿಲ್ಲ. ಗೋದಾಮಿನಲ್ಲಿ ಮಾಲೂರು, ಟೇಕಲ್ ಕಡೆಯವರು ಇದ್ದೇ ಇರುತ್ತಾರೆ. ನಾಲ್ಕು ಜನ ಒಟ್ಟಿಗೆ ಹೋಗಿ ಹತ್ತಕ್ಕೆ ಮುಗಿಯುವ ಪಾಳಿಯನ್ನು ಅರ್ಧ ಗಂಟೆ ಮುಂಚೆ ಬಿಡಲು ಕೇಳಿ. ಒಬ್ಬನೇ ಹೋಗಿ ಕೇಳಬೇಡ. ಕೋಣೆಯ ಹುಡುಗರಿಗೆ ನಾನು ಹೇಳಿಡುತ್ತೇನೆ, ಸೇರುವ ದಿನ ಗೊತ್ತಾದ ಕೂಡಲೇ ಇಲ್ಲಿ ಬರೆ.