ಮಾಲಿಬ್ಡಿನಂ ಬಿರುಕಿನಲ್ಲೇ ಯಾಕೆ?

ಪ್ರಶ್ನೆ: ಕೈಯಲ್ಲೊಂದು ಮಾಲಿಬ್ಡಿನಂ ಎಂಬ ಲೋಹದ ಅದಿರಿನ ತುಂಡಿದೆ. ಬಿರುಕುಗಳನ್ನು ತುಂಬಿದ ಬಿಳಿ ಕ್ವಾರ್ಟ್ಜ್ ಗೆರೆಗಳ ಅಂಚಿನಲ್ಲಿ ಬೂದು ಪದರ. ಮುಟ್ಟಿದರೆ ಪೆನ್ಸಿಲ್ ಪುಡಿಯ ಹಾಗೆ ಬೆರಳಿಗೆ ಅಂಟುತ್ತದೆ. ಶಿಲಾರಸದಿಂದ ಬಂದಿದ್ದರೆ ಬಂಡೆಯ ತುಂಬ ಇರಬೇಕಿತ್ತು, ಅಲ್ವಾ?

ಉತ್ತರ 1: ಗ್ರಾನೈಟ್ ಶಿಲಾರಸ ತಣಿಯುವಾಗ ಮೊದಲು ಹುಟ್ಟುವ ಹರಳುಗಳು ಮಾಲಿಬ್ಡಿನಂ ಅನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಉಳಿದ ರಸದಲ್ಲೇ ಅದು ಜಾಸ್ತಿಯಾಗುತ್ತಾ ಹೋಗುತ್ತದೆ. ಕೊನೆಗೆ ರಸದಿಂದ ಕುದಿನೀರು ಬೇರ್ಪಟ್ಟು ಮೇಲಿನ ಬಂಡೆಯನ್ನು ಸೀಳುತ್ತದೆ. ಮಾಲಿಬ್ಡಿನಂ ಅದರ ಜೊತೆಗೇ ಹೊರಡುತ್ತದೆ. ಬಿರುಕಿನಲ್ಲಿ ನೀರು ತಣಿದಾಗ ಗಂಧಕದೊಂದಿಗೆ ಕೂಡಿ ಮಾಲಿಬ್ಡಿನೈಟ್ ಆಗಿ ಕೂರುತ್ತದೆ. ನಿಮ್ಮ ಬೆರಳಿಗೆ ಅಂಟಿದ್ದು ಅದೇ.

ಉತ್ತರ 2: ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ. ಅಮೆರಿಕದ ಕೊಲೊರಾಡೊದಲ್ಲಿರುವ ಮಾಲಿಬ್ಡಿನಂ ಗಣಿ ಕ್ಲೈಮ್ಯಾಕ್ಸ್‌ನಲ್ಲಿ ಶಿಲಾರಸ ಹಲವು ಸಲ ನುಗ್ಗಿದೆ. ಅಲ್ಲಿನ ಅದಿರು ಕವುಚಿಟ್ಟ ಬಟ್ಟಲುಗಳ ಆಕಾರದಲ್ಲಿದೆ. ಇಷ್ಟಾದರೂ ಟನ್ನು ಅದಿರಿಗೆ ಎರಡು ಕೆಜಿ ಮಾಲಿಬ್ಡಿನಂ ಸಿಕ್ಕರೆ ಒಳ್ಳೆಯ ಅದಿರೇ!

ಪ್ರಶ್ನೆ ಕೇಳಿದವರು: ಲೆನ್ಸ್ ಹಿಡಿದು ಮತ್ತೆ ನೋಡಿದೆ. ಒಂದು ಗೆರೆಯನ್ನು ಇನ್ನೊಂದು ಕತ್ತರಿಸಿಕೊಂಡು ಹೋಗಿದೆ.