ಸಹಾಯ ಬೇಕು: ‘ಸೆಲ್’ಗೆ ಕನ್ನಡದಲ್ಲಿ ಏನು ಬರೆಯಲಿ?

ನಮಸ್ಕಾರ. ಹೈಸ್ಕೂಲು ಮಕ್ಕಳಿಗಾಗಿ ಪದಪಟ್ಟಿ ಮಾಡುತ್ತಿದ್ದೇನೆ, ‘ಸೆಲ್’ ಹತ್ತಿರ ಸಿಕ್ಕಿಹಾಕಿಕೊಂಡೆ. ಜೀವಶಾಸ್ತ್ರದಲ್ಲಿ ಜೀವಕೋಶ, ಬ್ಯಾಟರಿಯಲ್ಲಿ ವಿದ್ಯುತ್ಕೋಶ, ಜೈಲಿನಲ್ಲಿ ಸೆರೆಕೋಣೆ, ಇವು ಸರಾಗ. 1665ರಲ್ಲಿ ವಿಜ್ಞಾನಿ ರಾಬರ್ಟ್ ಹುಕ್ ಬೆಂಡಿನ ತೆಳು ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರೊಳಗಿನ ಖಾಲಿ ಗೂಡುಗಳಿಗೆ ‘ಸೆಲ್’ ಎಂಬ ಹೆಸರಿಟ್ಟರು. ಲ್ಯಾಟಿನ್ನಿನ ‘ಸೆಲ್ಲಾ’ ಎಂದರೆ ಚಿಕ್ಕ ಕೋಣೆ.

ತೊಡಕಿರುವುದು ಕಂಪ್ಯೂಟರಿನ ಎಕ್ಸೆಲ್‌ನಲ್ಲಿ; ಅಲ್ಲಿ ಲೆಕ್ಕದ ಹಾಳೆಯ ಒಂದೊಂದು ಚೌಕಕ್ಕೂ ‘ಸೆಲ್’ ಅನ್ನುತ್ತಾರೆ. ‘ಬಿ2 ಕೋಶದಲ್ಲಿ ಮೊತ್ತ ಬರೆಯಿರಿ’ ಅಂದರೆ ಮಕ್ಕಳಿಗೆ ಜೀವಕೋಶವೇ ನೆನಪಾಗುತ್ತದೆ. ಕೋಶಕ್ಕೆ ನಿಘಂಟು, ಬೊಕ್ಕಸ ಎಂಬ ಅರ್ಥಗಳೂ ಇವೆಯಲ್ಲ. ಚದುರಂಗದ ಹಾಗೆ ‘ಮನೆ’ ಅನ್ನೋಣವೇ? ನನಗಂತೂ ಅದೇ ಇಷ್ಟ. ಆದರೆ ‘ಎರಡು ಮನೆ ಕೂಡಿಸಿ’ ಅಂದರೆ ಅಂಕಿ ಕೂಡುವುದೋ, ಮನೆಗಳನ್ನೇ ಒಂದಾಗಿಸುವುದೋ? ಕಂಪ್ಯೂಟರ್ ಪಾಠ ಮಾಡುವವರು ಯಾವ ಪದ ಬಳಸುತ್ತೀರಿ, ದಯವಿಟ್ಟು ತಿಳಿಸಿ.